ಷಡಕ್ಷರಪ್ಪನವರ ನಾನೂರು ಮೀಟರ್

“ಹಳೇಬೀಡಿನ ಗೋಡೆ ಮೇಲೆ ಕಲ್ಲಿನ ಕುದುರೆಗಳು ಎಂಟುನೂರು ವರ್ಷದಿಂದ ಓಡ್ತಾನೇ ಇವೆ. ಒಂದು ಅಂಗುಲ ಮುಂದೆ ಹೋಗಿಲ್ಲ! ನಾನು ಹಾಗಲ್ಲ ಕಣೇ. ಈ ಭಾನುವಾರದ ರೇಸಲ್ಲಿ ಹಾರಿ ತೋರಿಸ್ತೀನಿ!”

ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಷಡಕ್ಷರಪ್ಪನವರು ಹೀಗೆ ಘೋಷಿಸಿದಾಗ ಹೆಂಡತಿ ಉಷಾರಾಣಿ ರೊಟ್ಟಿ ತಿರುವಿ ಹಾಕುತ್ತಿದ್ದರು.

“ಹಾರೋದು ಆಮೇಲಾಯ್ತು. ಮೊದಲು ಎರಡನೇ ಗೇರಿಗೆ ಬನ್ನಿ.”

“ಸೋತರೆ ಸ್ಟೀರಿಂಗು ನಿನ್ನದು! ಇನ್ನು ಜನ್ಮದಲ್ಲಿ ಮುಟ್ಟಲ್ಲ!”

ಉಷಾರಾಣಿ ಒಲೆ ಆರಿಸಿ ಗಂಡನ ಕಡೆ ತಿರುಗಿದರು. ಆಕೆಯ ಲೈಸೆನ್ಸು ಬೀರುವಿನಲ್ಲಿ ಸೀರೆಗಳ ಕೆಳಗೆ ಮಲಗಿತ್ತು. ಗೇರು ಗಾಡಿ ತಮ್ಮ ಕೈಗೇ ಒಗ್ಗುವುದು ಎಂದು ಯಜಮಾನರು ಒಮ್ಮೆಯೂ ಕೀಲಿ ಕೊಟ್ಟಿರಲಿಲ್ಲ.

ಬಾಣಾವರದ ಹತ್ತಿರ ಸೈಟುಗಳು ಮಾರಾಟವಾಗದೆ ಉಳಿದ ಲೇಔಟೊಂದಿತ್ತು. ಅದರ ನೇರ ರಸ್ತೆಗೆ ಹಗ್ಗ ಕಟ್ಟಿ, ಉಷಾರಾಣಿಯ ತಮ್ಮ ರವಿಕುಮಾರನ ಕ್ಲಬ್ಬಿನವರು ಡ್ರ್ಯಾಗ್ ರೇಸ್ ನಡೆಸುತ್ತಿದ್ದರು. ಎರಡು ಕಾರು, ನಾನೂರು ಮೀಟರ್, ಮೊದಲು ಮುಟ್ಟಿದವನೇ ಗೆದ್ದ. ತಿರುವಿನ ತಲೆನೋವೇ ಇಲ್ಲ!

ಪಾಠ ಶುರುವಾಯಿತು. “ಭಾವ, ಕ್ಲಚ್ಚು ಮೆತ್ತಗೆ ಬಿಡಿ. ಇಂಜಿನ್ನು ಕೂಗೋದು ಕೇಳಿಸ್ಕೊಂಡು ಗೇರ್ ಬದಲಿಸಿ.” ಕಾರು ಕಪ್ಪೆಯ ಹಾಗೆ ಕುಪ್ಪಳಿಸಿ ನಿಂತುಹೋಗುತ್ತಿತ್ತು. ಹಿಂದಿನ ಸೀಟಿನಲ್ಲಿ ಉಷಾರಾಣಿ ಮಂಡಕ್ಕಿ ಮೆಲ್ಲುತ್ತಾ ಪಾಠವನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು.

ಷಡಕ್ಷರಪ್ಪನವರಿಗೆ ಮಾತ್ರ ಹಗಲೂ ಅದೇ ಕನಸು. ಎರಡೂ ಬದಿಯ ತೆಂಗಿನಮರಗಳು ಕರಗಿ ಹಸಿರು ಗೆರೆಯಾಗುತ್ತವೆ. ಚಕ್ರ ನೆಲ ಬಿಡುತ್ತದೆ. ಕಾರು ಬಾಣಾವರ ಸ್ಟೇಷನ್ನಿನ ಮೇಲೆ ತೇಲುತ್ತದೆ, ಕೆಳಗೆ ರೈಲು ಸಣ್ಣದಾಗಿ ಕೂಗುತ್ತದೆ...

“ಸಾಹುಕಾರ್ರೆ, ಕೊಬ್ಬರಿ ಎಂಗೆ?”

“ಮೂರನೇ ಗೇರು!”

ಗಿರಾಕಿ ಪಕ್ಕದಂಗಡಿಗೆ ಹೋದ.

ಭಾನುವಾರ ಬೆಳಿಗ್ಗೆ ಮಂಜು ಇನ್ನೂ ಕರಗಿರಲಿಲ್ಲ. ಪಕ್ಕದಲ್ಲಿ ಬೇಲೂರಿನ ಹುಡುಗನ ಕಾರು ಗುರುಗುಡುತ್ತಿತ್ತು. ಹಸಿರು ದೀಪ ಹತ್ತಿತು. ಅಬ್ಬಾ! ಕ್ಲಚ್ಚು ಬೆಣ್ಣೆಯಂತೆ ಬಿಟ್ಟುಕೊಟ್ಟಿತು. ಒಂದು, ಎರಡು, ಮೂರು! ಬೇಲೂರಿನ ಕಾರು ಹಿಂದೆ ಬಿತ್ತು. ಷಡಕ್ಷರಪ್ಪನವರ ಕಣ್ಣು ತುಂಬಿ ಬಂತು. ಮರಗಳು ಕರಗತೊಡಗಿದವು.

ಅಷ್ಟರಲ್ಲಿ ಹಗ್ಗದಾಚೆ, ಮಂಜಿನೊಳಗಿಂದ, ಸೊಂಟದಲ್ಲಿ ಬುಟ್ಟಿ ಇಟ್ಟುಕೊಂಡ ಮುದುಕಿಯೊಬ್ಬಳು ಕೈ ಅಡ್ಡ ಹಿಡಿದಳು.

ಅರಸೀಕೆರೆ–ಬಾಣಾವರ ರಸ್ತೆಯಲ್ಲಿ ಯಾರೇ ಕೈ ಅಡ್ಡ ಹಿಡಿಯಲಿ, ಷಡಕ್ಷರಪ್ಪನವರು ನಿಲ್ಲಿಸದೆ ಹೋದವರಲ್ಲ. ಅವರ ಕಾಲು ಅವರನ್ನು ಕೇಳಲೇ ಇಲ್ಲ. ತಾನಾಗಿ ಬ್ರೇಕು ಒತ್ತಿತು. ಕೈ ತಾನಾಗಿ ಹಿಂದೆ ಚಾಚಿ ಬಾಗಿಲು ತೆಗೆಯಿತು.

“ಬಾಣಾವರಕ್ಕಾ, ಹನುಮಮ್ಮ?”

“ಊಂ ಕಣಪ್ಪ. ಬಸ್ಸು ಹೊಂಟೋಯ್ತು.” ಹನುಮಮ್ಮ ಹಗ್ಗದಡಿ ನುಸುಳಿ ಬಂದು ಕೂತಳು. “ಮೆತ್ತಗೆ ಬಿಡು, ಬುಟ್ಟೀಲಿ ಮೊಟ್ಟೆ ಐತೆ.”

ಮೊಟ್ಟೆ ಎಂದಾಗಲೇ ಅವರಿಗೆ ರೇಸು ನೆನಪಾದದ್ದು! ಬೇಲೂರಿನ ಹುಡುಗ ಆಗಲೇ ಗೆರೆ ದಾಟಿ ಟೀ ಕುಡಿಯುತ್ತಿದ್ದ. ಮೈಕು ಕೂಗಿತು: “ಎರಡನೇ ಕಾರು... ಪ್ಯಾಸೆಂಜರ್ ಹತ್ತಿಸ್ಕೊಳ್ತಾ ಇದೆ!” ಲೇಔಟೆಲ್ಲ ನಕ್ಕಿತು. ಷಡಕ್ಷರಪ್ಪನವರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಉಷಾರಾಣಿ ನಗಲಿಲ್ಲ. ಬಂದು ಸುಮ್ಮನೆ ಅಂಗೈ ಚಾಚಿದರು. ಯಜಮಾನರು ಕೀಲಿ ಕೊಟ್ಟು ಪಕ್ಕದ ಸೀಟಿಗೆ ಸರಿದರು.

ಬಾಣಾವರದ ರಸ್ತೆ ಖಾಲಿಯಿತ್ತು. ಕ್ಲಚ್ಚು ಮೆತ್ತಗೆ ಮೇಲೆ ಬಂತು. ಇಂಜಿನ್ನು ಕೂಗಿದಾಗೊಮ್ಮೆ ಉಷಾರಾಣಿಯ ಬಳೆ ಸದ್ದು ಮಾಡಿತು. ಒಂದು, ಎರಡು, ಮೂರು. ಕಾರು ಮಂಜು ಸೀಳಿದಂತೆ ತೆಂಗಿನಮರಗಳು ಹಸಿರು ಗೆರೆಯಾದವು. ಕಾರು ತೇಲುತ್ತಿತ್ತು! ತಾವು ಕಂಡ ಕನಸಿನೊಳಗೆ ತಾವೇ ಪ್ಯಾಸೆಂಜರಾಗಿ ಷಡಕ್ಷರಪ್ಪನವರು ಬಾಯಿ ತೆರೆದುಕೊಂಡು ಕೂತಿದ್ದರು.

ಹಿಂದಿನಿಂದ ಹನುಮಮ್ಮ ಬುಟ್ಟಿಯೊಳಗೆ ಕೈಯಾಡಿಸಿ ನೋಡಿ ಅಂದಳು: “ಒಂದೂ ಒಡೆದಿಲ್ಲ ಕಣವ್ವ! ಮೊದ್ಲೇ ನೀನ್ ಓಡ್ಸಿದ್ರೆ ನಾವೇ ಗೆಲ್ತಿದ್ವಲ್ಲ!”