ಖಾಲಿ ಸ್ಲಾಟಿನ ಜಂಭ

ಮನುಷ್ಯನಿಗೆ ಜಂಭ ಕೊಚ್ಚಿಕೊಳ್ಳಲು ಏನಾದರೊಂದು ಬೇಕೇ ಬೇಕು. ಕೆಲವರಿಗೆ ಮಕ್ಕಳ ಮಾರ್ಕ್ಸು ಸಾಕು, ಕೆಲವರಿಗೆ ಮಾವನ ಮನೆಯ ಮೋಟಾರು. ದಾದರಿನ ನಮ್ಮ ಆಫೀಸಿನಲ್ಲಿ ಒಬ್ಬರು ಬೆಳಗಿನ ಲೋಕಲ್‌ನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿದ್ದನ್ನು ಸಾಯಂಕಾಲದವರೆಗೂ ಹೇಳುತ್ತಿದ್ದರು. ನನ್ನ ಜಂಭ ಮಾತ್ರ ಸ್ವಲ್ಪ ವಿಚಿತ್ರ. ನಾನು ಹೆಮ್ಮೆ ಪಡುತ್ತಿದ್ದುದು ಒಂದು ಖಾಲಿ ಜಾಗದ ಬಗ್ಗೆ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಸಯನ್ನಿನ ನಮ್ಮ ಬಿಲ್ಡಿಂಗಿನಲ್ಲಿ ಮನೆಗೆ ಕಂಪ್ಯೂಟರ್ ತಂದ ಮೊದಲಿಗ ನಾನೇ. ಅದೂ ಅಂಗಡಿಯಿಂದ ಸಿದ್ಧವಾಗಿ ಬಂದದ್ದಲ್ಲ. ಡಬ್ಬ ಒಂದು ಕಡೆ, ಕೀಬೋರ್ಡು ಇನ್ನೊಂದು ಕಡೆ ಹೆಕ್ಕಿ ತಂದು ಕೈಯಾರೆ ಜೋಡಿಸಿದ್ದು. ಒಳಗೆ ಕಾರ್ಡು ಸಿಕ್ಕಿಸುವ ಉದ್ದನೆಯ ಸೀಳುಗಳಿದ್ದವು, ಸ್ಲಾಟು ಅನ್ನುತ್ತಾರೆ. ಅವುಗಳಲ್ಲಿ ಕೆಲವು ಖಾಲಿ. ಮನೆಗೆ ಬಂದವರಿಗೆ ಕಾಫಿ ಬರುವ ಮೊದಲೇ ನಾನು ಡಬ್ಬದ ಮುಚ್ಚಳ ತೆಗೆದು ಆ ಖಾಲಿ ಜಾಗ ತೋರಿಸುತ್ತಿದ್ದೆ. "ನಾಳೆ ಹೊಸ ಕಾರ್ಡು ಬಂತು ಅನ್ನಿ, ಇಲ್ಲಿ ಸಿಕ್ಕಿಸಿದರೆ ಮುಗೀತು, ಮಷೀನೇ ಹೊಸದು!" ಅನ್ನುತ್ತಿದ್ದೆ. ಅವರು ಬಗ್ಗಿ ನೋಡಿ, ಏನೂ ಕಾಣದೆ, ಮರ್ಯಾದೆಗೆ ತಲೆಯಾಡಿಸುತ್ತಿದ್ದರು.

ಈ ಸುಖಕ್ಕೆ ಕಲ್ಲು ಹಾಕಿದವನು ನನ್ನ ಭಾವಮೈದ ಪ್ರಸನ್ನ. ಬೊರಿವಲಿಯಲ್ಲಿ ಅಮ್ಮನ ಜೊತೆ ಇರುವ ಈ ಮಹಾಶಯ ದುಬೈಯಿಂದ ಬಂದ ಸ್ನೇಹಿತನ ಕೈಯಲ್ಲಿ ಒಂದು ಲ್ಯಾಪ್‌ಟಾಪು ತರಿಸಿಕೊಂಡ. ಒಂದು ಭಾನುವಾರ ಅದನ್ನು ನಮ್ಮ ಊಟದ ಮೇಜಿನ ಮೇಲಿಟ್ಟು ತೆರೆದ. ಅದರಲ್ಲಿ ಕಾರು ಓಡಿಸುವ ಆಟವಿತ್ತು. ಕಾರೂ ಬೂದಿ ಬಣ್ಣ, ರಸ್ತೆಯೂ ಬೂದಿ ಬಣ್ಣ. ನನ್ನ ಒಂದೇ ಬಣ್ಣದ ಪರದೆಯ ಮೇಲೆ ಅದೇ ಕಾರು ಅದೇ ರಸ್ತೆ ಅರಿಸಿನ ಮೆತ್ತಿದ ಹಾಗೆ ಹಳದಿಯಾಗಿ ಕಾಣುತ್ತಿದ್ದವು, ಅದು ಬೇರೆ ಮಾತು.

"ನಿಮ್ಮದನ್ನ ಬೊರಿವಲಿಗೆ ಒಯ್ಯಬೇಕಾದ್ರೆ ಟೆಂಪೋ ಬೇಕು ಭಾವ. ನಂದು ನೋಡಿ, ಹೆಗಲಿಗೆ ಹಾಕ್ಕೊಂಡು ಲೋಕಲ್ ಹತ್ತಿದೆ, ಬಂದೆ. ಬರೋಬರ್ ಅಲ್ವಾ?" ಎಂದ.

"ಹತ್ತಪ್ಪ, ಹತ್ತು. ಆದ್ರೆ ಆ ಬೂದಿ ಬಣ್ಣ ನಿನಗೆ ಜನ್ಮಕ್ಕಂಟಿದ್ದು. ನಂದಕ್ಕೆ ಬಣ್ಣದ ಕಾರ್ಡು ಹಾಕಿದ್ರೆ ಕಾರು ಕೆಂಪಗೆ ಓಡತ್ತೆ."

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ನನ್ನ ಹೆಂಡತಿ ಸುಮಿತ್ರಾ ಅಡುಗೆಮನೆಯಿಂದಲೇ, "ಆಯುಧಪೂಜೆಗೆ ಅಮ್ಮನ್ನ ಕರ್ಕೊಂಡು ಬಾರೋ. ನಮ್ಮನೆಯವರು ಎಲ್ರ ಎದುರಿಗೇ ಬಣ್ಣ ಬರಿಸ್ತಾರೆ," ಎಂದು ಮಾತು ಕೊಟ್ಟುಬಿಟ್ಟಳು. ಮದುವೆಯಾದಂದಿನಿಂದ ಅವಳು ತವರಿನವರೆದುರು ನನ್ನನ್ನು ಅಷ್ಟು ನಂಬಿ ಮಾತಾಡಿದ್ದು ಅದೇ ಮೊದಲು. ನನಗೆ ಖುಷಿಯೇನೋ ಆಯಿತು. ಆದರೆ ಕಾರು ಕೆಂಪಾಗದಿದ್ದರೆ ಕೆಂಪಾಗುವುದು ನನ್ನ ಮುಖ, ಅದೂ ಮಾವನ ಮನೆಯವರ ಮುಂದೆ.

ಕಾರ್ಡು ಆರಿಸಲು ಗಂಡ ಹೆಂಡತಿ ಇಬ್ಬರೂ ಹೋದೆವು. ಅಂಗಡಿಯವನು ಒಂದಕ್ಕೆ ನಾಲ್ಕು ಬಣ್ಣ ಎಂದ, ಇನ್ನೊಂದಕ್ಕೆ ಹದಿನಾರು ಎಂದ, ಮೂರನೆಯದನ್ನು ಗಾಜಿನ ಕಪಾಟಿನಿಂದ ಜೋಪಾನವಾಗಿ ತೆಗೆದು ಇನ್ನೂರೈವತ್ತಾರು ಎಂದ. "ಅಷ್ಟು ಬಣ್ಣ ದಾದರಿನ ಸೀರೆ ಅಂಗಡೀಲೂ ಇಲ್ಲ ಕಣ್ರೀ," ಎಂದು ಸುಮಿತ್ರಾ ಬೆರಗಾದಳು. ಅದನ್ನೇ ತೆಗೆದುಕೊಂಡೆವು, ಜೊತೆಗೆ ಬಣ್ಣದ ಮಾನಿಟರನ್ನೂ. ಆ ವರ್ಷ ಅವಳಿಗೆ ಹಬ್ಬದ ಸೀರೆ ಬರಲಿಲ್ಲ ಎನ್ನುವುದನ್ನು ಇಲ್ಲಿ ಮೆಲ್ಲಗೆ ಹೇಳಿ ಮುಂದೆ ಹೋಗುತ್ತೇನೆ.

ಆಯುಧಪೂಜೆಯ ದಿನ ಬೆಳಿಗ್ಗೆ ಮೇಜಿನ ಮೇಲೆ ಡಬ್ಬವನ್ನು ಮಲಗಿಸಿ, ಮುಚ್ಚಳ ತೆಗೆದು, ಪಕ್ಕದ ತಟ್ಟೆಯಲ್ಲಿ ಹೊಸ ಕಾರ್ಡು, ಸ್ಕ್ರೂಡ್ರೈವರ್, ಮನೆಯ ಕತ್ತರಿ ಇಟ್ಟೆ. ಮುಚ್ಚಿಟ್ಟೇ ಪೂಜೆ ಮಾಡಬಹುದಿತ್ತು. ಆದರೆ ಖಾಲಿ ಸ್ಲಾಟು ದೇವರಿಗೂ ಕಾಣಲಿ ಎಂದು ನನ್ನಾಸೆ. ಅತ್ತೆಯವರೇ ಪೂಜೆಗೆ ನಿಂತರು. ಒಳಗೆ ಇಣುಕಿ, "ಇದೇನು ಅಳಿಯಂದಿರೇ, ಬಾಯಿ ತೆಕ್ಕೊಂಡು ಕೂತಿದೆ?" ಎಂದರು. "ಹೊಸ ಕಾರ್ಡು ಕೂರೋ ಜಾಗ, ಅತ್ತೆ," ಎಂದು ಎದೆಯುಬ್ಬಿಸಿದೆ. "ಹಾಗಾದ್ರೆ ಅಲ್ಲಿಗೇ ಮೊದಲು ಆಶೀರ್ವಾದ ಬೇಕು," ಎಂದವರೇ ಮುಷ್ಟಿ ತುಂಬ ಅಕ್ಷತೆ ತೆಗೆದು ಡಬ್ಬದ ಹೊಟ್ಟೆಗೆ ಸುರಿದರು. ಹಿರಿಯರು ಅಕ್ಷತೆ ಹಾಕುವಾಗ ಕೈ ಹಿಡಿಯಲಾಗುತ್ತದೆಯೇ? ಮದುವೆಮನೆಯ ಮದುಮಗನ ಹಾಗೆ ಕೈಮುಗಿದು ನಿಂತೆ.

ಮಂಗಳಾರತಿ ಆಯಿತು. ಮೇಲೆ ಕಂಡ ಕಾಳುಗಳನ್ನು ಆರಿಸಿ ತೆಗೆದು, ಎಲ್ಲರ ಮುಂದೆ ಕಾರ್ಡು ಹಿಡಿದು ಸ್ಲಾಟಿಗೆ ಒತ್ತಿದೆ. ಕೂರಲಿಲ್ಲ. ಇನ್ನಷ್ಟು ಒತ್ತಿದೆ. ಅರ್ಧ ಹೋಗಿ ನಿಂತಿತು. ಬೆವರು ಇಳಿಯತೊಡಗಿತು. ಪ್ರಸನ್ನ ಕೋಸಂಬರಿ ಮೆಲ್ಲುತ್ತ, "ರಹನೇ ದೋ, ಬಿಟ್ಬಿಡಿ ಭಾವ, ನಂದರಲ್ಲಿ ಈ ತೊಂದ್ರೇನೇ ಇಲ್ಲ. ಇರುವೆಗೂ ಒಳಗೆ ಹೋಗೋಕೆ ದಾರಿ ಇಲ್ಲ," ಎಂದ. ನಾನು ಕಾರ್ಡನ್ನು ಬೈದೆ, ಅದನ್ನು ಮಾಡಿ ಕಳಿಸಿದ ತೈವಾನನ್ನು ಬೈದೆ. ಸುಮಿತ್ರಾಳ ಮುಖ ನೋಡುವ ಧೈರ್ಯವಾಗಲಿಲ್ಲ.

ಅವಳೇ ಬಂದು, ಡಬ್ಬವನ್ನು ಎರಡೂ ಕೈಯಲ್ಲೆತ್ತಿ, ಹಳೆಯ ಬೆಡ್‌ಶೀಟಿನ ಮೇಲೆ ತಲೆಕೆಳಗು ಮಾಡಿ ಮೊರದಲ್ಲಿ ಕೇರುವ ಹಾಗೆ ಕೇರಿದಳು. ನನ್ನ ಜೀವ ಬಾಯಿಗೆ ಬಂತು. ಅಕ್ಕಿಕಾಳು ಉದುರಿತು, ಸೇವಂತಿಗೆ ಎಸಳು ಉದುರಿತು, ಕಡೆಗೆ ಸ್ಲಾಟಿನ ಸೀಳಿನಿಂದ ಹಳದಿ ಕಾಳೊಂದು ಚಿಮ್ಮಿ ಪ್ರಸನ್ನನ ತಟ್ಟೆಗೆ ಬಿತ್ತು. "ಈಗ ಒತ್ತಿ," ಎಂದಳು. ಒತ್ತಿದೆ. ಟಕ್ ಎಂದು ಕೂತಿತು. ಹೊಸ ಮಾನಿಟರು ಜೋಡಿಸಿ, ಸ್ವಿಚ್ಚು ಹಾಕಿ, ಆಟ ಶುರುಮಾಡಿದೆ. ಅಬ್ಬಬ್ಬಾ! ನೀಲಿ ಆಕಾಶ, ಹಸಿರು ಗುಡ್ಡ, ನಡುವೆ ಕುಂಕುಮದಂಥ ಕೆಂಪು ಕಾರು! ಎದುರು ಮನೆಯವರು ಬಾಗಿಲಲ್ಲೇ ನಿಂತು "ಕ್ಯಾ ಬಾತ್ ಹೈ!" ಎಂದರು. ಸುಮಿತ್ರಾ ತಮ್ಮನ ಕಡೆ ತಿರುಗಿ, "ನೋಡಿದ್ಯೇನೋ?" ಎಂದಳು. ಆ ಒಂದು ಮಾತಿಗೆ ನಾನು ಇನ್ನೂ ಹತ್ತು ಕಾರ್ಡು ತರಲು ಸಿದ್ಧನಿದ್ದೆ.

ಕಥೆ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಮರುವಾರವೇ ಪ್ರಸನ್ನ ಲ್ಯಾಪ್‌ಟಾಪು ಹೊತ್ತು ತಂದು, "ಭಾವ, ನಿಮ್ಮಂಥ ಕೈ ಇನ್ನೊಂದಿಲ್ಲ. ಇದಕ್ಕೂ ಬಣ್ಣ ಬರೋ ಹಾಗೆ ಮಾಡಿ," ಎಂದ. ಆಗಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು, ನಾನೇ ಅವನಿಗೆ ಸಾರಿ ಸಾರಿ ಹೇಳಿದ್ದೆ. ಆದರೂ 'ನಿಮ್ಮಂಥ ಕೈ' ಎಂದನಲ್ಲ! ಸ್ಕ್ರೂಡ್ರೈವರ್ ತಾನಾಗಿಯೇ ಕೈಗೆ ಬಂತು. ಬಿಚ್ಚಿ ನೋಡಿದರೆ ಒಳಗೆ ಸ್ಲಾಟೂ ಇಲ್ಲ, ಪಾಟೂ ಇಲ್ಲ, ಎಲ್ಲವೂ ಒಂದೇ ಹಲಗೆಗೆ ಬೆಸೆದು ಕೂತಿವೆ. ವಾಪಸು ಮುಚ್ಚಿದಾಗ ಒಂದು ಹಿಡಿ ಸ್ಕ್ರೂ ಹೊರಗೇ ಉಳಿದವು, ಮತ್ತು ಆ ಬೂದಿ ಬಣ್ಣವೂ ಹೋಯಿತು. ಪರದೆ ಕಪ್ಪಗೆ ನನ್ನನ್ನೇ ನೋಡುತ್ತಿತ್ತು.

ಪ್ರಸನ್ನ ಉಳಿದ ಸ್ಕ್ರೂಗಳನ್ನು ಒಂದೊಂದಾಗಿ ಎಣಿಸಿದ. ಸುಮಿತ್ರಾಳೂ ನನ್ನನ್ನೇ ನೋಡಿದಳು. ಮರ್ಯಾದಸ್ಥನಾದವನು ಏನು ಮಾಡಬೇಕೋ ಅದನ್ನೇ ಮಾಡಿದೆ. ಟೆಂಪೋ ಕರೆಸಿ, ನನ್ನ ಕಂಪ್ಯೂಟರನ್ನು, ಖಾಲಿ ಸ್ಲಾಟುಗಳ ಸಮೇತ, ಬೊರಿವಲಿಗೆ ಕಳಿಸಿಕೊಟ್ಟೆ.

ಆದರೂ ನನ್ನ ಹೆಮ್ಮೆ ಕಡಿಮೆಯಾಗಲಿಲ್ಲ. ಬೊರಿವಲಿಗೆ ಹೋದಾಗಲೆಲ್ಲ ಆ ಬಿಲ್ಡಿಂಗಿನ ಜನ ಕೆಂಪು ಕಾರು ನೋಡಲು ಸೇರಿರುತ್ತಿದ್ದರು. ಪ್ರಸನ್ನ ಎಲ್ಲರಿಗೂ, "ಇದನ್ನ ಪೂರ್ತಿ ಜೋಡಿಸಿದ್ದು ನಮ್ಮ ಭಾವಾನೇ," ಎಂದು ದೊಡ್ಡ ದನಿಯಲ್ಲಿ ಪರಿಚಯ ಮಾಡಿಕೊಡುತ್ತಿದ್ದ. ಜನ ನನ್ನನ್ನು ಗೌರವದಿಂದ ನೋಡುತ್ತಿದ್ದರು, ನನ್ನ ಎದೆ ಉಬ್ಬುತ್ತಿತ್ತು. ಆಮೇಲೆ ಅವನು ಮನೆಯಲ್ಲಿರುವ ಒಳ್ಳೆಯ ಕುರ್ಚಿಯನ್ನೇ ಎಳೆದು, ಕಂಪ್ಯೂಟರಿನ ಮೇಜು ಕೈಗೆಟುಕದಷ್ಟು ದೂರದಲ್ಲಿಟ್ಟು, ನನ್ನನ್ನು ಅದರಲ್ಲಿ ಕೂರಿಸುತ್ತಿದ್ದ.