ವಾಚಣ್ಣ ಎತ್ತಿದ ಕೈ

ವಾಚಣ್ಣನ ಕಷ್ಟಕ್ಕೆಲ್ಲ ಮೂಲ ಒಂದು ಫ್ಯಾನು. ಕೆಟ್ಟ ಫ್ಯಾನೂ ಅಲ್ಲ, ಚೆನ್ನಾಗಿ ತಿರುಗುತ್ತಿದ್ದ ಫ್ಯಾನು. ಹೋದ ವರ್ಷ ಅವರ ಆಂಗ್ಲಿಕನ್ ಚರ್ಚಿನ ಸಭೆಯ ಪಾದ್ರಿಗಳು ನಿವೃತ್ತರಾದ ಮೇಲೆ ಚರ್ಚಿನ ಕಮಿಟಿ ಸೇರಿತ್ತು. "ಹೊಸ ಪಾದ್ರಿಗಳು ಬರೋ ತನಕ ಭಾನುವಾರ ಪೀಠ ಹತ್ತಿ ಬೋಧನೆಯ ಪ್ರಸಂಗ ಯಾರು ಮಾಡ್ತೀರಿ?" ಎಂದು ಅಧ್ಯಕ್ಷೆ ಕೇಳಿದರು. ನೆಗಡಿಯಾಗಿದ್ದ ವಾಚಣ್ಣನ ನೆತ್ತಿಯ ಮೇಲೇ ಫ್ಯಾನು. "ಇದನ್ನ ಸ್ವಲ್ಪ ಆರಿಸ್ತೀರಾ?" ಎನ್ನಲು ಅವನು ಪಾಪ, ಕೈ ಎತ್ತಿದ. ಬಾಯಿ ತೆರೆಯುವಷ್ಟರಲ್ಲಿ ಚಪ್ಪಾಳೆ ಬಿತ್ತು. ಫ್ಯಾನು ಮಾತ್ರ ಹಾಗೇ ತಿರುಗುತ್ತಿತ್ತು.

ಅಂದಿನಿಂದ ಅವನ ನೆಮ್ಮದಿ ಹೋಯಿತು. ತನ್ನ ವಾಚು ರಿಪೇರಿ ಅಂಗಡಿಯಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೈಗಡಿಯಾರಗಳ ಹೊಟ್ಟೆ ಬಗೆಯುವಾಗ ಕೂದಲೆಳೆಯಷ್ಟೂ ನಡುಗದ ಅವನ ಕೈ, ಪ್ರಸಂಗಪೀಠದ ಕಟಕಟೆ ಹಿಡಿದರೆ ಸಾಕು, ಪೀಠವನ್ನೇ ನಡುಗಿಸುತ್ತಿತ್ತು. ಶುಕ್ರವಾರದಿಂದಲೇ ಅನ್ನ ಗಂಟಲಿಗಿಳಿಯುತ್ತಿರಲಿಲ್ಲ. ಒಂದು ಭಾನುವಾರ ಆರಾಧನೆ ಮುಗಿಸಿ, "ಸಮಾಧಾನದಿಂದ ಹೋಗಿರಿ" ಎಂದು ಜನರನ್ನು ಕಳಿಸುವ ಬದಲು, ಅಂಗಡಿಯ ಅಭ್ಯಾಸಬಲದಿಂದ "ಬುಧವಾರ ಬನ್ನಿ, ರೆಡಿ ಇರುತ್ತೆ" ಎಂದುಬಿಟ್ಟಿದ್ದ. ಇಬ್ಬರು ಬುಧವಾರ ಬಂದೂ ಇದ್ದರು.

ಹಾಗಾಗಿ ಆ ಊರಿನಲ್ಲಿ ಹೊಸ ಪಾದ್ರಿಗಳು ಸಿಗಲಿ ಎಂದು ವಾಚಣ್ಣನಷ್ಟು ಮನಸ್ಸಿಟ್ಟು ಪ್ರಾರ್ಥಿಸಿದವರು ಇನ್ನೊಬ್ಬರಿಲ್ಲ. ಬಂದು ನೋಡಿದ ಪಾದ್ರಿಗಳೇನೋ ಇದ್ದರು. ಒಬ್ಬರಿಗೆ ಸೋರುವ ಪಾದ್ರಿಮನೆ ಹಿಡಿಸಲಿಲ್ಲ, ಇನ್ನೊಬ್ಬರಿಗೆ ಪಾದ್ರಿಮನೆ ಹಿಡಿಸಿತು, ಕಮಿಟಿ ಹಿಡಿಸಲಿಲ್ಲ.

ಕೊನೆಗೆ ಸುದ್ದಿ ತಂದವರು ಕಮಿಟಿಯಲ್ಲಿದ್ದ ಔಷಧಿ ಅಂಗಡಿಯವರು. ಊರಿನ ಆ ತುದಿಯಲ್ಲಿ ಒಂದು ಚಿಕ್ಕ ಚರ್ಚು. ಅಲ್ಲಿನ ಪಾದ್ರಿಗಳ ಪ್ರಸಂಗ ಕೇಳಲು ಜನ ಮುಗಿಬೀಳುತ್ತಾರಂತೆ, ಈಗೀಗ ಕಾಲಿಡಲು ಜಾಗವಿಲ್ಲವಂತೆ. ಪಾದ್ರಿಗಳನ್ನು ಹುಡುಕುವ ಕಮಿಟಿಗಳು ಮೊದಲು ಗುಟ್ಟಾಗಿ ಹೋಗಿ, ಹಿಂದಿನ ಬೆಂಚಿನಲ್ಲಿ ಕೂತು, ಪ್ರಸಂಗ ಕೇಳಿ ಬರುವುದು ಪದ್ಧತಿ. ಬಾಯಿಬಿಟ್ಟು ಹೇಳಿದರೆ, "ನಮ್ಮ ಪಾದ್ರಿಗಳನ್ನ ಕದಿಯಕ್ಕೆ ಬಂದ್ರಾ?" ಎಂದು ಅಲ್ಲಿನ ಸಭೆಯವರು ಜಗಳಕ್ಕೆ ನಿಲ್ಲುತ್ತಾರೆ. ಹೀಗಾಗಿ ಆ ಭಾನುವಾರ ಇಲ್ಲಿನ ಆರಾಧನೆಯನ್ನು ಸಂಜೆಗೆ ದೂಡಿ, ಅಧ್ಯಕ್ಷೆ, ಔಷಧಿ ಅಂಗಡಿಯವರು, ವಾಚಣ್ಣ, ಮೂವರೂ ಬಸ್ಸು ಹತ್ತಿದರು.

ಅಧ್ಯಕ್ಷೆ ನಿವೃತ್ತ ಹೆಡ್‌ಮಿಸ್ಸು. ನಿವೃತ್ತಿ ಶಾಲೆಯಿಂದ ಮಾತ್ರ ಆಗಿತ್ತು, ಸ್ವಭಾವದಿಂದ ಆಗಿರಲಿಲ್ಲ.

"ಬೇರೆ ಬೇರೆ ಕಡೆ ಕೂತ್ಕೋಬೇಕು. ಒಬ್ಬರ ಮುಖ ಒಬ್ರು ನೋಡಬಾರದು. ಯಾರಾದ್ರೂ ಕೇಳಿದ್ರೆ ಇದೇ ಚರ್ಚಿನವರು ಅನ್ನಬೇಕು. ಗೊತ್ತಾಯ್ತಾ?"

"ಗೊತ್ತಾಯ್ತು ಮಿಸ್" ಎಂದ ವಾಚಣ್ಣ. "ಆ ಪಾದ್ರಿಗಳು ಒಪ್ಪಿದ್ರೆ ನಾನು ಇನ್ನು ಪ್ರಸಂಗ ಮಾಡಬೇಕಾಗಿಲ್ಲ ತಾನೇ?"

"ಮೊದಲು ಒಪ್ಪಲಿ. ಇವತ್ತು ಸಂಜೆದು ಬರ್ಕೊಂಡಿದ್ದೀಯಾ?"

ವಾಚಣ್ಣ ಜೇಬಿನ ಕಾಗದವನ್ನು ಇನ್ನಷ್ಟು ಒಳಕ್ಕೆ ತಳ್ಳಿದ. ಅವನು ಬರೆದುಕೊಂಡಿದ್ದದ್ದು "ಪ್ರಿಯರೇ" ಎಂಬ ಒಂದೇ ಮಾತು.

ಔಷಧಿ ಅಂಗಡಿಯವರು ಗುರುತು ಸಿಗಬಾರದೆಂದು ಕಪ್ಪು ಕನ್ನಡಕ ಹಾಕಿದ್ದರು. ಚರ್ಚಿನ ಒಳಗಿನ ಮಬ್ಬಿನಲ್ಲಿ ಅದರಿಂದ ಏನೂ ಕಾಣದೆ ಮೊದಲು ಕಂಬಕ್ಕೆ ಡಿಕ್ಕಿ ಹೊಡೆದು, "ಕ್ಷಮಿಸಿ ಅಮ್ಮ" ಎಂದು ಕಂಬಕ್ಕೇ ಹೇಳಿ, ಆಮೇಲೆ ಎಲ್ಲೋ ಕೂತರು. ಸುದ್ದಿ ಸುಳ್ಳಾಗಿರಲಿಲ್ಲ. ಚರ್ಚು ತುಂಬಿ ತುಳುಕುತ್ತಿತ್ತು. ವಾಚಣ್ಣ ಹೆದರುತ್ತ ಒಂದು ಬೆಂಚಿನ ತುದಿಗೆ ಬಂದದ್ದೇ ತಡ, ಅಲ್ಲಿ ಕೂತಿದ್ದ ದಪ್ಪ ಮನುಷ್ಯ ದಡಬಡಿಸಿ ಎದ್ದ.

"ಅಯ್ಯೋ, ಇದು ನಿಮ್ಮ ಜಾಗನಾ? ಗೊತ್ತಾಗ್ಲಿಲ್ಲ!"

"ಹೌದು... ಅಲ್ಲ... ನೀವು ಕೂತ್ಕೊಳ್ಳಿ, ನಮ್ಮದೇ ಚರ್ಚಲ್ವಾ" ಎಂದ ವಾಚಣ್ಣ ಬೆವರುತ್ತ. ಎಷ್ಟು ವಿನಯದ ಸಭೆ ಎಂದು ಒಳಗೊಳಗೇ ಬೆರಗಾದ.

ಆರಾಧನೆ ಶುರುವಾಯಿತು. ಯಾವಾಗ ಏಳಬೇಕು, ಯಾವಾಗ ಕೂರಬೇಕು ಎಂಬುದರಲ್ಲಿ ಒಂದೊಂದು ಚರ್ಚಿನದು ಒಂದೊಂದು ರೂಢಿ. ತಪ್ಪಿದರೆ ಸಿಕ್ಕಿಬೀಳುವುದು ಖಂಡಿತ. ಹಾಗಾಗಿ ವಾಚಣ್ಣ ದಪ್ಪ ಮನುಷ್ಯನ ಮೇಲೆ ಕಣ್ಣಿಟ್ಟ. ದಪ್ಪ ಮನುಷ್ಯ ಎದ್ದರೆ ಎದ್ದ, ಕೂತರೆ ಕೂತ. ಬೈಬಲ್ ವಾಚನದ ನಡುವೆ ದಪ್ಪ ಮನುಷ್ಯ ಇದ್ದಕ್ಕಿದ್ದಂತೆ ಎದ್ದು ನಿಂತ. ವಾಚಣ್ಣನೂ ಎದ್ದ. ಹಿಂದಿನ ಸಾಲಿನವರು ಎದ್ದರು, ಪಕ್ಕದ ಸಾಲಿನವರು ಎದ್ದರು, ಕೊನೆಗೆ ಇಡೀ ಚರ್ಚೇ ಎದ್ದು ನಿಂತಿತು. ದಪ್ಪ ಮನುಷ್ಯ ಜೋಮು ಹಿಡಿದ ಕಾಲನ್ನು ಎರಡು ಸಲ ಕೊಡವಿ ಕೂತ. ಎಲ್ಲರೂ ಕೂತರು. ಪಾದ್ರಿಗಳು ಕಣ್ಣೊರೆಸಿಕೊಂಡರು. ಇಂಥ ಭಕ್ತಿಯನ್ನು ಅವರು ಕಂಡಿರಲಿಲ್ಲವೋ ಏನೋ.

ಕಾಣಿಕೆ ಚೀಲದ ಕತೆ ಇನ್ನೂ ಚೆಂದ. ಅದನ್ನು ಕೊನೆಗೆ ಯಾರು ಎತ್ತಿಕೊಂಡು ಹೋಗಿ ಮುಂದೆ ಇಡಬೇಕೆಂದು ಯಾರಿಗೂ ಗೊತ್ತಿದ್ದಂತಿಲ್ಲ. ಚೀಲ ಮುಂದಿನ ಸಾಲಿನಿಂದ ಹಿಂದಕ್ಕೆ ಬಂತು, ಹಿಂದಿನಿಂದ ಮುಂದಕ್ಕೆ ಹೋಯಿತು, ಮತ್ತೆ ಬಂತು. ಪ್ರತಿ ಸಲವೂ ನಾಚಿಕೆಗೆ ಎಲ್ಲರೂ ಏನಾದರೂ ಹಾಕುತ್ತಲೇ ಇದ್ದರು. ಕಡೆಗೆ ಪಾದ್ರಿಗಳೇ ಇಳಿದು ಬಂದು ವಾಚಣ್ಣನ ತೊಡೆಯ ಮೇಲಿಂದ ಅದನ್ನು ಎತ್ತಿಕೊಂಡು, ಅವನ ಹೆಗಲು ತಟ್ಟಿ ಹೋದರು. ವಾಚಣ್ಣ ಹಾಡಿನ ಪುಸ್ತಕದ ಹಿಂದೆ ಮುಖ ಮರೆಸಿಕೊಂಡ. 'ಮುಖ ನೋಡ್ಕೊಂಡ್ರು, ಮುಗೀತು ನನ್ನ ಕತೆ' ಎಂದುಕೊಂಡ.

ಪ್ರಸಂಗ ಮಾತ್ರ ಬಂಗಾರದಂಥದು. ಚಿಕ್ಕದು, ಹಿತವಾದದ್ದು, ನಡುನಡುವೆ ನಗಿಸುವಂಥದು. ಪಾದ್ರಿಗಳು ಆಗಾಗ ಕೆಮ್ಮುತ್ತಿದ್ದರು, ಗಂಟಲು ಕೂತಿತ್ತು, ಅಷ್ಟೆ. ವಾಚಣ್ಣನಿಗೆ ಕಣ್ಣಲ್ಲಿ ನೀರು ಬಂತು. ಈ ಮನುಷ್ಯ ತಮ್ಮ ಚರ್ಚಿಗೆ ಬಂದು ಪೀಠದಲ್ಲಿ ನಿಂತು ಮಾತಾಡುವಂತೆಯೂ, ತಾನು ಕೆಳಗಿನ ಬೆಂಚಿನಲ್ಲಿ ಹಾಯಾಗಿ ತೂಕಡಿಸುವಂತೆಯೂ ಕಲ್ಪಿಸಿಕೊಂಡ.

ಆರಾಧನೆ ಮುಗಿದು ಪಕ್ಕದ ಹಾಲ್‌ನಲ್ಲಿ ಚಹಾ. ಜನ ಕಪ್ಪು ಹಿಡಿದು ಒಬ್ಬರಿಗೊಬ್ಬರು ಮುಗುಳ್ನಗುತ್ತ ನಿಂತಿದ್ದರು. ದಪ್ಪ ಮನುಷ್ಯ ವಾಚಣ್ಣನನ್ನು ಮೂಲೆಗೆ ಕರೆದ.

"ತುಂಬಾ ದಿನದಿಂದ ಬರ್ತಿದ್ದೀರಾ ಇಲ್ಲಿಗೆ?"

"ದಿನದಿಂದಾನಾ? ಏನ್ ಸ್ವಾಮಿ, ಮಗುವಾಗಿದ್ದಾಗ ನನಗೆ ದೀಕ್ಷಾಸ್ನಾನ ಆಗಿದ್ದೇ ಇಲ್ಲಿ" ಎಂದ ವಾಚಣ್ಣ.

"ಅಬ್ಬ, ಸದ್ಯ!" ದಪ್ಪ ಮನುಷ್ಯನ ಮುಖ ಅರಳಿತು. "ಹಾಗಾದ್ರೆ ಪುಣ್ಯ ಕಟ್ಕೊಳ್ಳಿ. ಟಾಯ್ಲೆಟ್ ಎಲ್ಲಿದೆ ಹೇಳಿ. ಆಗ್ಲಿಂದ ತಡ್ಕೊಂಡಿದ್ದೀನಿ."

ದೀಕ್ಷಾಸ್ನಾನ ಆದ ಚರ್ಚಿನಲ್ಲಿ ಟಾಯ್ಲೆಟ್ ಗೊತ್ತಿಲ್ಲ ಅನ್ನಲಾಗುತ್ತದೆಯೇ? "ಬನ್ನಿ" ಎಂದು ವಾಚಣ್ಣ ಧೈರ್ಯವಾಗಿ ಹೊರಟ. ಮೊದಲ ಬಾಗಿಲು ತೆಗೆದರೆ ಗಾಯಕರ ನಿಲುವಂಗಿಗಳು. "ಇದಲ್ಲ, ಇದರ ಪಕ್ಕದ್ದು." ಪಕ್ಕದ್ದು ತೆಗೆದರೆ ಮುರಿದ ಕುರ್ಚಿಗಳು ಮೈಮೇಲೆ ಬಿದ್ದವು. "ಈಚೆಗೆ ಬದಲಾಯಿಸಿಬಿಟ್ಟಿದ್ದಾರೆ ನೋಡಿ!" ಮೂರನೆಯದರಲ್ಲಿ ಕತ್ತಲು. ದೀಪದ ದಾರವೆಂದು ವಾಚಣ್ಣ ಹಿಡಿದು ಎಳೆದದ್ದು ಚರ್ಚಿನ ಗಂಟೆಯ ಹಗ್ಗ. ಢಣ್ ಎಂದಿತು.

ದಪ್ಪ ಮನುಷ್ಯ ಕಾಲಿಗೆ ಕಾಲು ಹೆಣೆದು ನಿಂತು ಅವನನ್ನೇ ದಿಟ್ಟಿಸಿದ.

"ನಿಜ ಹೇಳಿ. ನೀವು ಈ ಚರ್ಚಿನವರಾ?"

ವಾಚಣ್ಣ ತಲೆ ತಗ್ಗಿಸಿದ. "ಅಲ್ಲ. ನಮ್ಮ ಚರ್ಚಲ್ಲಿ ಪಾದ್ರಿಗಳಿಲ್ಲ. ಇವರನ್ನ ನೋಡ್ಕೊಂಡು ಹೋಗೋಣ ಅಂತ..."

"ನಿಮಗೂ ಇಲ್ವಾ? ನಮಗೂ ಇಲ್ಲ ಮಾರಾಯ್ರೇ! ನಾವು ನಾಲ್ಕು ಜನ ಬಂದಿದ್ದೀವಿ. ಆಗ್ಲೇ ಯಾರೋ ನೀಲಿ ಟೋಪಿ ಅಮ್ಮ ಬಂದು ನನ್ನನ್ನೇ ಟಾಯ್ಲೆಟ್ ಎಲ್ಲಿ ಅಂತ ಕೇಳಿದ್ರು. ಗೇಟಿನ ಹತ್ತಿರ ಅಂತ ಸುಮ್ನೆ ಕೈ ತೋರಿಸಿದ್ದೆ. ಅವರು ಇನ್ನೂ ಬಂದಿಲ್ಲ."

ಇಬ್ಬರೂ ಹಾಲ್‌ನ ಕಡೆ ತಿರುಗಿ ನೋಡಿದರು. ಅಲ್ಲಿ ಜನ ಒಬ್ಬರನ್ನೊಬ್ಬರು ಮೆಲ್ಲಗೆ ಏನೋ ಕೇಳುತ್ತಿದ್ದರು, ಕೇಳಿಸಿಕೊಂಡವರು ಕಕ್ಕಾಬಿಕ್ಕಿಯಾಗಿ ನಾಲ್ಕು ದಿಕ್ಕಿಗೂ ಕೈ ತೋರಿಸುತ್ತಿದ್ದರು. ವಾಚಣ್ಣನಿಗೆ ಅನುಮಾನ ಬಂತು. ಓಡಿಹೋಗಿ, ಚಹಾ ಸೋಸುತ್ತಿದ್ದ ಮುದುಕಿಯನ್ನು ಹಿಡಿದ.

"ಅಜ್ಜಿ, ಈ ಸಭೆಯವರು ಯಾರು ಇದರಲ್ಲಿ?"

"ನಾನೇ ಕಣಪ್ಪ" ಎಂದಳು ಅಜ್ಜಿ. "ಇನ್ನೊಬ್ರು ಆರ್ಗನ್ ನುಡಿಸೋ ತಾತ. ಅವರಿಗೆ ಕಿವಿ ಕೇಳಿಸಲ್ಲ."

"ಮಿಕ್ಕವರು?"

"ಯಾರಿಗ್ಗೊತ್ತು ಮಗಾ! ಹೋದ ತಿಂಗಳವರೆಗೂ ನಾವಿಬ್ರೇ. ಪಾಪ, ಪಾದ್ರಿಗಳು ಬೇಸತ್ತು, ಬೇರೆ ಕಡೆ ಹಾಕ್ಬಿಡಿ ಅಂತ ಬಿಷಪ್ಪರನ್ನ ಕೇಳ್ಕೊಂಡಿದ್ರು. ಅಷ್ಟರಲ್ಲಿ ಎಲ್ಲಿಂದಲೋ ಜನ ಬರಕ್ಕೆ ಶುರುವಾಯ್ತು ನೋಡು. ವಾರ ವಾರ ಹೊಸಬರು! ಅವರ ಖುಷಿ ನೋಡಕ್ಕಾಗಲ್ಲ."

ಇದನ್ನು ಕೇಳಿ ವಾಚಣ್ಣನ ತಲೆ ಎರಡು ಕಡೆ ಓಡಿತು. ಒಂದು ಕಡೆ ಆ ಪಾದ್ರಿಗಳನ್ನು ನೆನೆದು ಕರುಳು ಚುರುಕ್ಕೆಂದಿತು. ಇನ್ನೊಂದು ಕಡೆ ಆಸೆ ಹುಟ್ಟಿತು. ಪಾದ್ರಿಗಳಿಲ್ಲದ ಚರ್ಚುಗಳ ಕಮಿಟಿಗಳೆಲ್ಲ ಇಲ್ಲೇ ಇವೆ. ಯಾರು ಮೊದಲು ನಿಜ ಹೇಳಿ ಕರೆಯುತ್ತಾರೋ ಪಾದ್ರಿಗಳು ಅವರ ಪಾಲಿಗೆ. ಮೊದಲೇ ಹೊರಡಲು ಸಿದ್ಧವಿದ್ದ ಮನುಷ್ಯ, ಬಾರದೆ ಇರುತ್ತಾರೆಯೇ?

ಅವನು ಹೆಡ್‌ಮಿಸ್ಸಿನ ಬಳಿ ನುಗ್ಗಿ ಕಿವಿಯಲ್ಲಿ ಎಲ್ಲ ಊದಿದ. ಅವರು ಗುಟ್ಟು ಗಿಟ್ಟು ಎಲ್ಲ ಮರೆತು, "ಹಾಗಾದ್ರೆ ನಿಂತಿದ್ದೀಯಲ್ಲೋ, ಹೋಗು, ಹೇಳು!" ಎಂದು ಬೆನ್ನಿಗೆ ಗುದ್ದಿದರು. ಕಪ್ಪು ಕನ್ನಡಕದ ಔಷಧಿ ಅಂಗಡಿಯವರು, "ನಾನೂ ಬರ್ತೀನಿ" ಎಂದು ಗೋಡೆಯ ಕಡೆ ಹೊರಟರು.

ವಾಚಣ್ಣ ಕಪ್ಪು ಬಸಿಗಳ ನಡುವೆ ತೂರಿಕೊಂಡು ಹತ್ತಿರ ಬರುವಷ್ಟರಲ್ಲಿ ಪಾದ್ರಿಗಳು ಕುರ್ಚಿ ಹತ್ತಿ ಚಪ್ಪಾಳೆ ತಟ್ಟಿದರು. ಎಲ್ಲರೂ ಅತ್ತ ತಿರುಗಿದರು.

"ಪ್ರಿಯರೇ, ನಿಮಗೆ ಒಂದು ವಿಷಯ ಹೇಳಬೇಕು" ಎಂದರು. ಧ್ವನಿ ಒಡೆದಿತ್ತು. "ಎರಡು ವರ್ಷ ನಾನು ಖಾಲಿ ಬೆಂಚುಗಳಿಗೆ ಬೋಧನೆ ಮಾಡಿದ್ದೀನಿ. ಸೋತು, ಈ ಚರ್ಚು ಬಿಟ್ಟು ಹೋಗೋಣ ಅಂತ ಪೆಟ್ಟಿಗೆ ಕಟ್ಟಿದ್ದೆ. ಆಗ ನೀವು ಬಂದ್ರಿ. ಯಾರೂ ಕರೀಲಿಲ್ಲ, ನೀವೇ ಬಂದ್ರಿ. ನಿನ್ನೆ ಬಿಷಪ್ಪರಿಗೆ ಹೇಳಿಬಿಟ್ಟೆ, ನಾನೆಲ್ಲಿಗೂ ಹೋಗಲ್ಲ. ನನ್ನ ಮಣ್ಣು ಇಲ್ಲೇ."

ಹಾಲ್‌ನಲ್ಲಿ ಎಷ್ಟೋ ಕಮಿಟಿಗಳ ಮುಖ ಒಟ್ಟಿಗೇ ಬಾಡಿತು. ನಿಜ ಹೇಳಲು ಯಾರಿಗೆ ಬರುತ್ತದೆ ಹೇಳಿ ಬಾಯಿ?

"ಒಂದೇ ಒಂದು ತೊಂದರೆ" ಎಂದು ಪಾದ್ರಿಗಳು ಕೆಮ್ಮಿದರು. "ಗಂಟಲಿಗೆ ವಿಶ್ರಾಂತಿ ಕೊಡಿ ಅಂತಾರೆ ಡಾಕ್ಟರು. ವಾರ ಬಿಟ್ಟು ವಾರ ನಿಮ್ಮಲ್ಲೇ ಒಬ್ಬರು ಪ್ರಸಂಗ ಮಾಡಬೇಕು. ಅಜ್ಜಿ, ತಾತ ಇಬ್ಬರೇ ಇದ್ದಾಗ ಯಾರನ್ನ ಕೇಳಲಿ? ಈಗ ಧೈರ್ಯವಾಗಿ ಕೇಳ್ತೀನಿ. ಯಾರು ಮಾಡ್ತೀರಿ?"

ಎಲ್ಲರೂ ತಮ್ಮ ತಮ್ಮ ಚಹಾದೊಳಗೆ ಇಣುಕಿ ನೋಡತೊಡಗಿದರು. ಆಚೆಯಿಂದ ಹೆಡ್‌ಮಿಸ್ಸು ಹುಬ್ಬು ಕುಣಿಸುತ್ತ ಸನ್ನೆ ಮಾಡುತ್ತಿದ್ದರು. ಹೇಳು, ಈಗಲಾದರೂ ಹೇಳು! ನಿಜ, ಈಗ ಹೇಳದಿದ್ದರೆ ಆ ಒಳ್ಳೆಯ ಮನುಷ್ಯನಿಗೆ ಮೋಸ, ತನಗೂ ಮೋಸ. ವಾಚಣ್ಣ ಗಟ್ಟಿ ಮನಸ್ಸು ಮಾಡಿದ. "ಪಾದ್ರಿಗಳೇ, ನಾವ್ಯಾರೂ ಈ ಚರ್ಚಿನವರಲ್ಲ" ಎಂದು ಹೇಳಲು ಉಸಿರೆಳೆದುಕೊಂಡು, ಮಾತಾಡುವ ಮುನ್ನ ಮರ್ಯಾದೆಗೆ, ಕೈ ಎತ್ತಿದ.

ಚಪ್ಪಾಳೆ ಬಿತ್ತು. ಬದುಕಿದೆವಪ್ಪ ಎಂಬ ಸಂತೋಷದಲ್ಲಿ ಎಲ್ಲ ಕಮಿಟಿಗಳೂ ಕೈ ನೋಯುವಂತೆ ತಟ್ಟಿದ ಚಪ್ಪಾಳೆ ಅದು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ದಪ್ಪ ಮನುಷ್ಯ. ಪಾದ್ರಿಗಳು ಕುರ್ಚಿಯಿಂದ ಇಳಿದು ಬಂದು, ಎತ್ತಿದ್ದ ಕೈಯನ್ನು ಹಾಗೇ ಗಾಳಿಯಲ್ಲಿ ಎರಡೂ ಕೈಗಳಿಂದ ಹಿಡಿದುಕೊಂಡರು.

"ನನಗೆ ಗೊತ್ತಿತ್ತು. ಕಾಣಿಕೆ ಚೀಲವನ್ನ ತೊಡೆ ಮೇಲೆ ಮಗುವಿನ ಹಾಗೆ ಇಟ್ಕೊಂಡು ಕೂತಿದ್ರಲ್ಲ, ಆಗಲೇ ಅಂದ್ಕೊಂಡೆ."

ವಾಚಣ್ಣ ಬಾಯಿ ತೆರೆದ. ಆ ಕಣ್ಣುಗಳಲ್ಲಿ ತುಂಬಿದ್ದ ನೀರು ನೋಡಿದ. ಬಾಯಿ ಮುಚ್ಚಿದ.

ಮೂವರೂ ವಾಪಸು ಬಸ್ಸು ಹತ್ತಿದರು. ಕೂತದ್ದೇ ಹೆಡ್‌ಮಿಸ್ಸು ತೀರ್ಮಾನ ಕೊಟ್ಟರು.

"ಅಲ್ಲಿಗೆ ಹೋಗೋ ಭಾನುವಾರ ನಮ್ಮ ಆರಾಧನೆ ಸಂಜೆಗೆ ಇಟ್ಕೊಳ್ಳೋಣ. ಬೆಳಗ್ಗೆ ಅಲ್ಲಿ ಮಾಡಿದ್ದನ್ನೇ ಸಂಜೆ ಇಲ್ಲಿ ಮಾಡು. ನಿನಗೂ ಅಭ್ಯಾಸ ಆಗುತ್ತೆ."

"ನಿಮ್ಮ ಗಂಟಲಿಗೂ ಮಾತ್ರೆ ಕೊಡ್ತೀನಿ ಬಿಡಿ" ಎಂದರು ಔಷಧಿ ಅಂಗಡಿಯವರು, ವಾಚಣ್ಣನೆಂದುಕೊಂಡು ಪಕ್ಕದಲ್ಲಿದ್ದ ಅಪರಿಚಿತರ ಭುಜ ತಟ್ಟಿ.

ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ಕಾದಿದ್ದಳು. ಶುಕ್ರವಾರದಿಂದ ಸರಿಯಾಗಿ ಉಣ್ಣದ ಗಂಡ ಇವತ್ತಾದರೂ ಹೊಟ್ಟೆತುಂಬ ಉಂಡಾನು ಎಂದು ತಟ್ಟೆ ಹಾಕಿಟ್ಟಿದ್ದಳು.

"ರೀ, ಏನಾಯ್ತು? ಪಾದ್ರಿಗಳು ಸಿಕ್ಕಿದ್ರಾ ನಿಮಗೆ?"

ವಾಚಣ್ಣ ತಟ್ಟೆಯನ್ನು ಅತ್ತ ಸರಿಸಿ, ಜೇಬಿನಿಂದ "ಪ್ರಿಯರೇ" ಎಂದಷ್ಟೇ ಬರೆದಿದ್ದ ಕಾಗದ ತೆಗೆದು ಮುಂದೆ ಹರವಿಕೊಂಡ.

"ನಮಗೆ ಅವರು ಸಿಗಲಿಲ್ಲ ಕಣೇ" ಎಂದ. "ಅವರಿಗೆ ನಾನು ಸಿಕ್ಕಿದೆ."