ಕೊನೆಯ ದೃಶ್ಯ ನುಂಗಿದ ಪೆನ್ ಡ್ರೈವ್

"ಹೊಸ ಡಿಸ್ಕಾ? ಎಂಥದ್ದೂ ಬೇಡ! ಈ ಬೆರಳುದ್ದದ ಪೆನ್ ಡ್ರೈವ್‌ನಿಂದಲೇ ನಿನ್ನ ಲ್ಯಾಪ್‌ಟಾಪ್ ಓಡಿಸ್ತೀನಿ, ನೋಡ್ತಿರು!"

ಕನ್ನಡಕದಣ್ಣ ಬೆಳಿಗ್ಗೆಯೇ ಎದೆ ತಟ್ಟಿಕೊಂಡ. ಕನ್ನಡಕದ ಅಂಗಡಿ ಇಟ್ಟ ಮೇಲೆ ಬೀದಿಗೆಲ್ಲ ಅವನು ಕನ್ನಡಕದಣ್ಣನೇ. ಕೂತಲ್ಲಿ ಕೂರುವ ಆಸಾಮಿಯಲ್ಲ. ಹೆಂಡತಿಯ ಲ್ಯಾಪ್‌ಟಾಪಿನ ಡಿಸ್ಕ್ ಕೈಕೊಟ್ಟಿದ್ದೇ ತಡ, ಪೆನ್ ಡ್ರೈವ್‌ಗೆ ಕಂಪ್ಯೂಟರ್ ಓಡಿಸುವ ಲಿನಕ್ಸ್ ತಂತ್ರಾಂಶ ತುಂಬಿಸಿ, ಚುಚ್ಚಿ, ಗುಂಡಿ ಒತ್ತಿಯೇಬಿಟ್ಟ. ಸತ್ತಿದ್ದ ಪರದೆ ಝಗ್ಗೆಂದಿತು!

"ರೀ, ಇದನ್ನ ನಂಬಬಹುದಾ? ಸಂಜೆ ಇಲ್ಲೇ ತಾಲೀಮು, ನಾಳೆ ನಾಟಕ. ಕೊನೆಯ ದೃಶ್ಯ ಇನ್ನೂ ಬರೆದೇ ಇಲ್ಲ."

"ಕಣ್ಣು ಮುಚ್ಕೊಂಡು ಬರಿಯೇ! ನಾನಿಲ್ವಾ?"

ನಾಟಕ ಬರೆದು ಆಡಿಸುವವಳು ಹೆಂಡತಿಯೇ. ಮಾತು ಕೇಳದೆ ಎಲ್ಲ ಹಾಳುಮಾಡಿದ ಗಂಡನೊಬ್ಬ ಕ್ಷಮೆ ಕೇಳುವ ಆ ದೃಶ್ಯ ಅವಳನ್ನು ವಾರದಿಂದ ಗೋಳು ಹೊಯ್ದುಕೊಳ್ಳುತ್ತಿತ್ತು. ಊಟ ಬಿಟ್ಟು ಕೂತು ಬರೆದಳು, ಪರದೆಯ ಡೆಸ್ಕ್‌ಟಾಪಿನಲ್ಲೇ ಉಳಿಸಿದಳು, ನೆಮ್ಮದಿಯಾಗಿ ಸ್ನಾನಕ್ಕೆ ಹೋದಳು.

ಕನ್ನಡಕದಣ್ಣನ ಕಾಲು ಸುಮ್ಮನಿರಬೇಕಲ್ಲ! ಅವಳು ಬರುವಷ್ಟರಲ್ಲಿ ಪ್ರಿಂಟ್ ಮಾಡಿಸಿ ಕೈಗಿಟ್ಟರೆ ಹೇಗೆ? ಎಲ್ಲ ಪೆನ್ ಡ್ರೈವ್‌ನಲ್ಲೇ ಇದೆಯಲ್ಲ ಎಂದುಕೊಂಡು ಅದನ್ನು ಸರಕ್ಕನೆ ಕಿತ್ತು ಓಡಿದ.

ಪ್ರಿಂಟ್ ಅಂಗಡಿಯವಳು ಹುಡುಕಿದಳು, ಮತ್ತೆ ಹುಡುಕಿದಳು. "ಇದ್ರಲ್ಲಿ ನಾಟಕ ಇಲ್ಲ ಅಣ್ಣ. ಒಂದು ಇಡೀ ಕಂಪ್ಯೂಟರೇ ಇದೆ. ಎಷ್ಟು ಕಾಪಿ ತೆಗೀಲಿ?"

ಎದ್ದುಬಿದ್ದು ಮನೆಗೆ ಬಂದರೆ ಲ್ಯಾಪ್‌ಟಾಪ್ ಗರಬಡಿದಂತೆ ನಿಂತಿತ್ತು. ಒಂದು ನಿಮಿಷ ತಾಳಬಾರದೇ? ಊಹ್ಞೂಂ! ಪೆನ್ ಡ್ರೈವ್ ಚುಚ್ಚಿ, ಆಫ್ ಮಾಡಿ ಆನ್ ಮಾಡಿದ. ಇವನ ಮುಖವನ್ನೇ ಕಂಡಿಲ್ಲವೆಂಬಂತೆ ಲಿನಕ್ಸ್ "ಸ್ವಾಗತ" ಎಂದಿತು. ದೃಶ್ಯ ನಾಪತ್ತೆ! ಆಮೇಲಷ್ಟೇ ಮೊಬೈಲ್‌ನಲ್ಲಿ ಓದಿದ: ಹೀಗೆ ಓಡುವ ಲಿನಕ್ಸ್, ಬೇರೆ ಕಡೆ ಉಳಿಸಿಡದಿದ್ದರೆ, ಬರೆದದ್ದನ್ನೆಲ್ಲ ತಾತ್ಕಾಲಿಕ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ, ಆಫ್ ಆದರೆ ಎಲ್ಲ ಮಾಯ. ಅಯ್ಯೋ, ಇದನ್ನು ಬೆಳಿಗ್ಗೆಯೇ ಓದಿದ್ದರೆ!

ಅಷ್ಟರಲ್ಲಿ ನಟರು ಬಂದು ಹಾಲ್ ತುಂಬಿಕೊಂಡರು. ಹೆಂಡತಿ ತಲೆ ಒರೆಸಿಕೊಳ್ಳುತ್ತ ಬಂದಳು.

"ನನ್ನ ದೃಶ್ಯ ಎಲ್ರೀ?"

ನಡೆದದ್ದನ್ನು ತೊದಲುತ್ತ ಹೇಳಿದ. ಅವಳ ಮುಖ ಬಿಳಿಚಿಕೊಂಡಿತು. ಅವನನ್ನೇ ದಿಟ್ಟಿಸುತ್ತ ನಿಂತಳು.

"ಬೈದುಬಿಡು ಕಣೇ! ಸುಮ್ನೆ ನಿಂತ್ಕೋಬೇಡ... ನಿನಗೆ ಒಳ್ಳೇದಾಗ್ಲಿ ಅಂತಾನೇ ಓಡಿದ್ದು... ನೀನು ಹಿಂಗೆ ನೋಡಿದ್ರೆ ನನಗೆ ಕೈಕಾಲೇ ಆಡಲ್ಲ..." ಕಣ್ಣಲ್ಲಿ ನೀರು ದಳದಳ ಇಳಿಯಿತು.

ಹೆಂಡತಿ ತಟ್ಟನೆ ಪೆನ್ನು ಹಾಳೆ ಎಳೆದುಕೊಂಡಳು. "ನಿಲ್ಲಿಸ್ಬೇಡಿ! ಮುಂದೆ?"

"ಮುಂದೇನು... ನನ್ನಂಥವನ ಜೊತೆ ಹೆಂಗೆ ಬಾಳ್ತೀಯೇ ನೀನು?"

"ಹಾಂ, ಹಾಂ! ಇನ್ನೂ?"

ಅವನು ಅತ್ತಷ್ಟೂ ಅವಳು ಗೀಚಿದಳು. ಓದಿ ಹೇಳಿದಾಗ ನಟರು ಚಪ್ಪಾಳೆ ತಟ್ಟಿದರು. ಕಳೆದುಹೋದದ್ದಕ್ಕಿಂತ ಇದೇ ವಾಸಿ ಎಂದು ಅವಳೂ ಒಪ್ಪಿದಳು.

ಕನ್ನಡಕದಣ್ಣನಿಗೆ ಹೋದ ಜೀವ ಬಂತು. ಕಣ್ಣೊರೆಸಿಕೊಂಡು ಎದೆಯುಬ್ಬಿಸಿದ. "ಹಂಗಾದ್ರೆ ಆ ಗಂಡನ ಪಾತ್ರ ನಾನೇ ಮಾಡ್ತೀನಿ ಬಿಡು!"

ಹೆಂಡತಿ ಹಾಳೆಯಿಂದ ತಲೆ ಎತ್ತಲಿಲ್ಲ.

"ಬೇಡ ರೀ. ನೀವು ಅತ್ರೆ ನಿಜ ಅನ್ನಿಸಲ್ಲ."